ಪಂಖಾದೊಳಗಿನ ಭಂಡಾರ

"ಅಪ್ಪಾ, ಮೂಗಿಗೆ ಅರಿವಿ ಕಟ್ಕೊ," ಎಂದಳು ರಾಧಿಕಾ. ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಆ ಪುಟ್ಟ ಲ್ಯಾಪ್‌ಟಾಪಿನ ಬೆನ್ನಿನ ಮುಚ್ಚಳ ಎಬ್ಬಿಸುತ್ತಿದ್ದಳು.

ಹುಲೆಪ್ಪ ಕಟ್ಟಿಕೊಳ್ಳಲಿಲ್ಲ. ಹವಾಲ್ದಾರಕಿ ಮಾಡಿದಷ್ಟು ಕಾಲ ಬಾವಿಕಟ್ಟೆ, ಕಾಲುವೆ, ಹೊಳೆದಂಡೆ ಅಂತ ಹೆಣ ಕಾಯ್ದು ಬಂದವನಿಗೆ ಮಗಳ ಅಂಗಡಿಯ ಟೇಬಲ್ಲಿನ ಮೇಲಿರುವ ಒಂದು ಡಬ್ಬಿ ಏನು ಮಾಡೀತು?

ಮುಚ್ಚಳ ಎದ್ದಿತು. ಒಳಗಿನಿಂದ ಬಂದ ವಾಸನೆ ಮೂಗು ದಾಟಿ ನೇರ ಗಂಟಲಿಗೆ ಬಡಿಯಿತು. ಸುಟ್ಟ ಪ್ಲಾಸ್ಟಿಕ್ಕು, ಮುಗ್ಗಿದ ಹತ್ತಿ, ಜಿರಳೆಯ ಹಿಕ್ಕೆ. ಒಂದು ಮೂಲೆಯಲ್ಲಿ ಜಿರಳೆಯ ಮೊಟ್ಟೆಚೀಲಗಳು ಹುಣಸೆಬೀಜದ ಹಾಗೆ ಸಾಲಾಗಿ ಅಂಟಿದ್ದವು. ಅದರಲ್ಲೊಂದು ಆಗಲೇ ಬಿರಿದಿತ್ತು.

ಹುಲೆಪ್ಪ ಬಾಗಿಲಿಗೆ ಹೋಗಿ ಗಟಾರಕ್ಕೆ ಉಗುಳಿ ಬಂದ.

"ಹೇಸಿ," ಎಂದ. "ಇದರಾಗ ದೇವರ ಫೋಟೋ ನೋಡ್ತಾರ, ಇದನ್ನ ಮುಟ್ಟಿದ ಕೈಲೆ ರೊಟ್ಟಿ ಮುರೀತಾರ."

"ನಿನ್ನ ಮೊಬೈಲ್ ಬಿಚ್ಚಿ ತೋರಸ್ಲೇನ?"

"ಬ್ಯಾಡ ಯವ್ವಾ. ನಾಳೆ ಯಾರಿಗರ ಫೋನ್ ಮಾಡೋದೈತಿ."

ರಾಧಿಕಾ ನಗಲಿಲ್ಲ. ಅವಳ ಕೈ ನಿಂತುಬಿಟ್ಟಿತ್ತು. ಮೆಮರಿ ಕೂಡಿಸುವ ಗೂಡಿನ ಸ್ಕ್ರೂ ತಲೆಯ ಮೇಲೆ ಗಿಳಿಹಸಿರಿನ ಒಂದು ಬೊಟ್ಟು ಇತ್ತು. ಉಗುರಿಗೆ ಹಚ್ಚುವ ಬಣ್ಣ. ಜಮಖಂಡಿಯ ಯಾವ ಹೆಣ್ಣುಮಗಳೂ ಉಗುರಿಗೆ ಹಚ್ಚಿಕೊಳ್ಳದ ಬಣ್ಣ ಅಂತಲೇ ರಾಧಿಕಾ ಅದನ್ನು ಆರಿಸಿಕೊಂಡಿದ್ದಳು. ತಾನು ಬಿಚ್ಚಿ ಕೂಡಿಸಿದ ಪ್ರತಿ ಯಂತ್ರಕ್ಕೂ ಅದೇ ಅವಳ ಮುದ್ರೆ. ಬೇರೆಯವರು ಬಿಚ್ಚಿದರೆ ಬೊಟ್ಟು ಒಡೆಯುತ್ತದೆ.

ಅವಳು ಯಂತ್ರವನ್ನು ಹೊರಳಿಸಿ ಅದರ ಕಾಲುಗಳನ್ನು ನೋಡಿದಳು. ಮೂರು ಕಾಲಿಗೆ ಕಂಪನಿಯ ಕರಿ ರಬ್ಬರು. ನಾಲ್ಕನೆಯದಕ್ಕೆ ಹವಾಯಿ ಚಪ್ಪಲಿಯಿಂದ ಗುಂಡಗೆ ಕತ್ತರಿಸಿದ ನೀಲಿ ತುಂಡು.

"ಅಪ್ಪಾ, ಇದು ಪರಮೇಶನ ಲ್ಯಾಪ್‌ಟಾಪ್."

ಹುಲೆಪ್ಪ ಕುರ್ಚಿ ಎಳೆದುಕೊಂಡ. "ನಿನ್ನಿ ಸಂಜೀಕ ಇದನ್ನ ಕೊಟ್ಟು ಹೋದಾಂವ ಯಾರು ಅಂದಿ?"

"ಬನಹಟ್ಟಿ ಅಣ್ಣಾಸಾಹೇಬ. ಮಗ್ಗದ ಸಾಹುಕಾರ. ಬಿಸಿ ಆಗಿ ಬಂದ್ ಬೀಳ್ತೈತಿ, ಎಂಟರ್ ಕೀ ಅಂಟ್ತೈತಿ, ನಾಳೆ ಮಧ್ಯಾಹ್ನದೊಳಗ ಬೇಕು ಅಂದ. ಕತ್ತಲಾಗಿತ್ತು, ನಾ ಹೊಳ್ಳಿಸಿ ನೋಡಲಿಲ್ಲ."

ರನ್ನ ಬೆಳಗಲಿಯ ಪರಮೇಶ ಸೀರೆಯ ಅಂಚಿಗೆ ಡಿಸೈನು ಹಾಕುತ್ತಿದ್ದ ಹುಡುಗ. ದಸರೆಯ ಖಂಡೆ ಪೂಜೆಯ ಮರುದಿನ ಮನೆ ಬಿಟ್ಟವನು ತಿರುಗಿ ಬರಲಿಲ್ಲ. ಮುಂದಿನ ವಾರ ಬೀಳಗಿ ಕಡೆಯ ಹಿನ್ನೀರಿನಲ್ಲಿ ಒಂದು ಹೆಣ ಸಿಕ್ಕಿತು. ಹುಲೆಪ್ಪನ ನೌಕರಿಯ ಕೊನೆಯ ಹೆಣ ಅದು. ಮೀನು ತಿಂದು ಬಿಟ್ಟದ್ದು, ಮುಟ್ಟಿದರೆ ಚರ್ಮ ಕೈಗೆ ಬರುವಂಥದ್ದು. ಪರಮೇಶನ ತಾಯಿ ಯಲ್ಲಕ್ಕ ಹತ್ತು ಮಾರು ದೂರ ನಿಂತು ಸೊಂಟದ ಉಡದಾರ ನೋಡಿ, "ನಮ್ಮ ಹುಡುಗಂದ ಐತ್ರಿ, ಮುಖದ ಮ್ಯಾಲಿನ ಅರಿವಿ ತೆಗೀಬ್ಯಾಡ್ರಿ," ಎಂದಿದ್ದಳು. ಮಣ್ಣು ಕೊಟ್ಟದ್ದೂ ಆಯಿತು.

ಹೆಂಡತಿ ಮಾಲಾ ಮಾತ್ರ ಒಪ್ಪಲಿಲ್ಲ. ಅದು ನನ್ನ ಗಂಡನ ಮೈಯಲ್ಲ ಎಂದಳು. ಬಳೆ ಒಡೆಯಲು ಕೈ ಕೊಡಲಿಲ್ಲ. ದೈವದವರು, ಊರ ಹಿರಿಯರು, ದೀಪಾವಳಿಯ ಮುಂದಿನ ಛಟ್ಟಿ ಅಮಾವಾಸ್ಯೆಯ ತನಕ ತಾಳಿದರು. ಅಮಾವಾಸ್ಯೆ ನಾಳೆ. ಇವತ್ತು ಹೊತ್ತು ಮುಳುಗುವುದರೊಳಗೆ ಅವಳ ಕೈ ಬರಿದಾಗಬೇಕು.

"ನನ್ನ ಗಂಡನ್ನ ಹುಡುಕಿ ಕೊಡ್ರಿ ಕಾಕಾ, ಇಲ್ಲಾ ಖರೇನ ಸತ್ತಾನ ಅಂತ ತೋರಿಸಿ ಕೊಡ್ರಿ. ನಡುವ ನಿಂತು ನನಗ ಬಾಳೇ ಮಾಡಾಕ ಬರಂಗಿಲ್ಲ," ಎಂದು ಆಕೆ ಹುಲೆಪ್ಪನ ಮುಂದೆ ಕುಳಿತಿದ್ದಳು. ನಿವೃತ್ತಿಯಾದವನಿಗೆ ಬಂದ ಮೊದಲ ಕೆಲಸ.

"ಒಳಗ ಏನರ ಸಿಗತೈತೇನ? ಅಂವಾ ಹಾಕಿದ ಡಿಜಾಯಿನು, ಫೋಟೋ?" ಎಂದ ಹುಲೆಪ್ಪ.

"ಎಲ್ಲಾ ಅಳಿಸಿ ವಿಂಡೋಸ್ ಹೊಸಾದು ಹಾಕ್ಯಾರ," ಎಂದಳು ರಾಧಿಕಾ. "ಖರೆ ಧೂಳು ಯಾರೂ ಹೊಸಾದು ಹಾಕಂಗಿಲ್ಲ."

ಅವಳು ಪಂಖಾದ ಸ್ಕ್ರೂ ಬಿಚ್ಚತೊಡಗಿದಳು.

ಈ ಯಂತ್ರವನ್ನು ಪರಮೇಶ ಆರಿಸಿಕೊಂಡದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಹೋದ ಚಳಿಗಾಲ ಗಂಡಹೆಂಡಿರು ಕೂಡಿಯೇ ಬಂದಿದ್ದರು. ರಾಧಿಕಾ ದೊಡ್ಡ ಪರದೆಯದ್ದು ತೋರಿಸಿದಳು, ನಡುತರದ್ದು ತೋರಿಸಿದಳು. ಅವನು ಒಂದೊಂದನ್ನೂ ಕುರಿಮರಿ ತೂಗಿ ನೋಡಿದ ಹಾಗೆ ಅಂಗೈ ಮೇಲೆ ಎತ್ತಿ ನೋಡಿದ. "ಕರೆಂಟ್ ಹೋದ್ರ ಎಷ್ಟೊತ್ತು ತಡೀತೈತಿ? ಬಗಲಚೀಲದಾಗ ಹಿಡೀತೈತೇನ?" ಅವನಿಗೆ ಬೇಕಾದದ್ದು ಅವೆರಡೇ.

"ಸಣ್ಣದರಾಗ ಸಿಡಿ ಹಾಕಾಕ ಬರಂಗಿಲ್ಲ. ಡಿಜಾಯಿನ್ ಸಾಫ್ಟ್‌ವೇರು ಎಳೀತೈತಿ. ಕಣ್ಣು ಹೋಗ್ತಾವು," ಎಂದಿದ್ದಳು ರಾಧಿಕಾ.

"ಕುರಿ ಹಿಂದ ಹೊಂಟಾಗ ದೊಡ್ಡದು ಹೊತ್ತು ತಿರಗಾಕ ಬರತೈತೇನ್ರಿ ಅಕ್ಕಾ? ಅಡವ್ಯಾಗ ಕುಂತು ಹಾಕಾಂವ ನಾ," ಎಂದು ಅತಿ ಚಿಕ್ಕದನ್ನೇ ಎತ್ತಿಕೊಂಡ. ಮಾಲಾ, "ತಗೋರಿ, ಕೂಸಿನಂಗ ಐತಿ," ಎಂದು ನಕ್ಕಿದ್ದಳು. ಬೇಸಿಗೆಯಲ್ಲಿ ಸಾಫ್ಟ್‌ವೇರು ಖರೇ ಎಳೆಯತೊಡಗಿದಾಗ ಮತ್ತೆ ಬಂದ. ಹಾರ್ಡ್ ಡಿಸ್ಕನ್ನೇ ಬದಲಿಸಲೇ ಎಂದು ಕೇಳಿದ. ಈ ಪ್ರೊಸೆಸರಿಗೆ ಅದು ದಂಡ, ಮೆಮರಿ ಒಂದು ಹೆಚ್ಚಿಸಿಕೋ ಸಾಕು ಎಂದು ಅವಳೇ ಹೇಳಿ, ಹಾಕಿ, ಹಸಿರು ಬೊಟ್ಟಿಟ್ಟು ಕಳಿಸಿದ್ದಳು. ಅವತ್ತೇ ಕಳೆದುಹೋದ ಕಾಲಿಗೆ ಅವನು ಅಂಗಡಿ ಮೆಟ್ಟಿಲ ಮೇಲೆ ಕುಳಿತು ಚಪ್ಪಲಿ ಕತ್ತರಿಸಿ ಅಂಟಿಸಿದ್ದ.

ಪಂಖಾ ಎದ್ದು ಬಂತು. ಅದರ ಹಿಂದೆ ಬಿಸಿ ಹೊರಹಾಕುವ ತಾಮ್ರದ ಜಾಲರಿ. ಜಾಲರಿಯ ಮೇಲೆ ಕಿರುಬೆರಳಿನಷ್ಟು ದಪ್ಪದ ಒಂದು ಮೆತ್ತೆ. ರಾಧಿಕಾ ಅದನ್ನು ಚಿಮಟಿಗೆಯಿಂದ ಹಿಡಿದು ಹಳೆ ಪೇಪರಿನ ಮೇಲೆ ಇಳಿಸಿದಳು. ಅದರೊಳಗಿಂದ ಒಂದು ಮರಿ ಜಿರಳೆ ಬಿದ್ದು ಓಡಿತು.

"ಇದು ಗಾಳಿ ಬರೋ ಹಾದಿ. ಪಂಖಾ ಹೊರಗಿನ ಗಾಳಿ ಎಳ್ಕೊಂಡು ಈ ಜಾಲರಿಗೆ ಬಡೀತೈತಿ. ಲ್ಯಾಪ್‌ಟಾಪ್ ಯಾವ ಮನ್ಯಾಗ ಇರ್ತೈತೋ ಆ ಮನಿ ಧೂಳು ಇಲ್ಲಿ ಬಂದು ಕುಂದರ್ತೈತಿ. ಮೊದಲಿನದು ತಳಕ, ಆಮೇಲಿನದು ಮ್ಯಾಲ."

"ಬಿಡಿಸು."

ಅವಳು ಬಿಡಿಸಿದಳು. ತಳದಲ್ಲಿ ಕರಿ ಮಸಿ. ಹೊಲದಲ್ಲಿ ಕಬ್ಬಿನ ಒಣಸೋಗೆ ರವದಿ ಸುಟ್ಟಾಗ ಊರೆಲ್ಲ ಹಾರಾಡುವ ಮಸಿ, ರನ್ನ ಬೆಳಗಲಿಯ ಅಂಗಳದ್ದು. ಅದರ ಮೇಲೆ ತೆಳ್ಳಗೆ ಒಂದು ಹಳದಿ ಪದರು.

"ಅರಿಷಿಣ," ಎಂದಳು.

"ಭಂಡಾರ," ಎಂದ ಹುಲೆಪ್ಪ.

ಅದರ ಕಥೆ ಮಾಲಾ ಹೇಳಿದ್ದಳು. ಮನೆಗೆ ಬಂದ ಮೇಲೆ ಆ ಯಂತ್ರಕ್ಕೆ ಅದೇ ಮೊದಲ ಖಂಡೆ ಪೂಜೆ. ಕುಡುಗೋಲು, ಉಣ್ಣೆ ಕತ್ತರಿ, ಸೈಕಲ್ಲು ಎಲ್ಲದರ ಜೊತೆ ಅದನ್ನೂ ಕಂಬಳಿಯ ಮೇಲೆ ಇಟ್ಟರು. ಯಲ್ಲಕ್ಕ ಸೊಂಟದ ಚೀಲ ಬಿಚ್ಚಿ, ಕುಲದೇವರು ಬೀರಪ್ಪನ ಹೆಸರು ಹೇಳಿ, ಕುರಿಯ ತಲೆ ಮೇಲೆ ತೂರಿದ ಹಾಗೆ ಒಂದು ಹಿಡಿ ಭಂಡಾರವನ್ನು ತೆರೆದಿಟ್ಟ ಕೀಬೋರ್ಡಿನ ಮೇಲೆಯೇ ತೂರಿದಳು. ಪಂಖಾ ತಿರುಗುತ್ತಿತ್ತು. ಪರಮೇಶ ಹೌಹಾರಿ, "ಯವ್ವಾ, ಯಂತ್ರಾ ಕೊಂದಿ," ಎಂದು ಚೀರಿದ. ತಾಯಿಮಗನ ನಡುವೆ ದೊಡ್ಡ ಜಗಳವಾಯಿತು. ಇನ್ನು ಮುಂದೆ ನನ್ನ ಸಾಮಾನಿನ ಹತ್ತಿರ ಭಂಡಾರ ತಂದರೆ ನೋಡು ಎಂದವನು ಮರುದಿನ ಅದೇ ಯಂತ್ರ ಬಗಲಿಗೆ ಹಾಕಿಕೊಂಡು ಹೋದ.

ಹಳದಿಯ ಮೇಲೆ ಉಳಿದದ್ದೆಲ್ಲ ಹತ್ತಿ. ದಪ್ಪಗೆ, ಮೆತ್ತಗೆ, ಕಂಬಳಿ ನೆಯ್ದ ಹಾಗೆ ಒತ್ತಾಗಿ ಕೂತ ನೂಲಿನ ಜೂಲು. ಅದರ ಬಣ್ಣ ಕಣ್ಣು ಚುಚ್ಚುವ ಗುಲಾಬಿ.

"ರಾಣಿ ಬಣ್ಣ," ಎಂದಳು ರಾಧಿಕಾ. "ಮಗ್ಗದ ಶೆಡ್‌ನಾಗ ಭಾಳ ದಿನಾ ಚಾಲೂ ಇದ್ರ ಮಾತ್ರ ಇಷ್ಟು ಕುಂದರ್ತೈತಿ. ಪೂಜಿ ಆದ ಮ್ಯಾಲ, ಅಪ್ಪಾ. ಹಳದಿ ಮ್ಯಾಲ ಗುಲಾಬಿ."

ಹುಲೆಪ್ಪ ಆ ಮೆತ್ತೆಯನ್ನು ನೋಡುತ್ತ ಕುಳಿತ. ಸತ್ತವನ ಯಂತ್ರವನ್ನು ಯಾರೋ ದಿನಾಲು ಉಪಯೋಗಿಸಿದ್ದಾರೆ. ಇಲ್ಲವೇ, ಸತ್ತೇ ಇಲ್ಲದವನು.

* * *

ಅಣ್ಣಾಸಾಹೇಬ ಬಂದಾಗ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಬಿಳಿ ಅಂಗಿ, ಬಿಳಿ ಧೋತರ, ಬಾಯಿ ತುಂಬ ಎಲೆಅಡಿಕೆ. ಕಿವಿಯ ಕೂದಲು ಹೊರಗೆ ಬೆಳೆದು ಪೊದೆಯಾಗಿತ್ತು.

"ಆತೇನ್ ತಂಗಿ ನಮ್ಮ ಡಬ್ಬಿ?"

"ಆಗಾಕತ್ತೈತ್ರಿ. ಕುಂದರ್ರಿ, ಚಾ ತರಸ್ತೇನಿ."

"ಚಾ ಬ್ಯಾಡವಾ, ಬಾಯಾಗ ಐತಿ." ಅವನು ಮೂಲೆಯಲ್ಲಿ ಪೇಪರು ಹಿಡಿದು ಕುಳಿತಿದ್ದ ಹುಲೆಪ್ಪನನ್ನು ನೋಡಿದ. "ಇವ್ರು?"

"ನಮ್ಮಪ್ಪ ರೀ. ರಿಟೈರ್ ಆಗ್ಯಾರ. ಮನ್ಯಾಗ ನಮ್ಮವ್ವ ಕುಂದರಗೊಡಂಗಿಲ್ಲ, ಇಲ್ಲಿ ಬರ್ತಾರ."

"ನಮ್ಮ ಹಣೇಬಾರನೂ ಅದ ರೀ," ಎಂದು ಅಣ್ಣಾಸಾಹೇಬ ದೊಡ್ಡದಾಗಿ ನಕ್ಕ. ಕೆಂಪು ರಸದ ಒಂದು ಎಳೆ ತುಟಿ ದಾಟಿ ಗದ್ದಕ್ಕಿಳಿಯಿತು. ಅಂಗೈಯಿಂದ ಒರೆಸಿ, ಅಂಗೈಯನ್ನು ಕುರ್ಚಿಯ ಕೈಗೆ ಒರೆಸಿದ.

ಹುಲೆಪ್ಪ ಪೇಪರು ಮಡಿಚಿದ. "ಧಂಧೇ ಹ್ಯಾಂಗ ನಡದೈತ್ರಿ ಸಾಹುಕಾರ್ರ?"

ಇಂಥ ಪ್ರಶ್ನೆಗೆ ಬಾಯಿ ಬಿಡದ ಸಾಹುಕಾರ ಇನ್ನೂ ಹುಟ್ಟಿಲ್ಲ. "ಈ ವರ್ಷ ನಮ್ಮದ ರೀ ಬನಹಟ್ಟಿ. ದೀಪಾವಳಿ ಮುಗದ ಮ್ಯಾಲ ರಾಣಿ ಬಣ್ಣ ಹಿಡದೆ ನೋಡ್ರಿ, ಪುಣೇದಿಂದ ಮಂದಿ ಬಂದು ಕ್ಯೂ ಹಚ್ಯಾರ. ಅದಕೂ ಮೊದಲ ನಾ ಆ ಬಣ್ಣಾ ಮೂಸಿ ಸುದ್ದಾ ನೋಡಿದಾಂವಲ್ಲ. ಅಂಚೂ ಹಂಗ ಬಿದ್ದೈತಿ. ಕಂಬಳಿ ಅಂಚಿನ ನಮೂನಿ. ಯಾರೂ ಹಾಕಿಲ್ಲ."

"ಕಂಬಳಿ ಅಂಚು," ಎಂದ ಹುಲೆಪ್ಪ. "ಛಲೋ ಐತಿ. ಈ ಸಣ್ಣ ಲ್ಯಾಪ್‌ಟಾಪು ಯಾವಾಗ ತಗೊಂಡ್ರಿ?"

"ದಸರಾಕ್ಕಿಂತ ಮೊದಲ. ಸಂತ್ಯಾಗ ಒಬ್ಬಾಂವ ಮಾರಾಕತ್ತಿದ್ದ, ಹುಡುಗೂರಿಗೆ ಆಡಾಕ ಆದೀತು ಅಂತ ತಗೊಂಡೆ."

"ಶೆಡ್‌ನಾಗ ಇಟ್ಟಿದ್ರೇನ?"

"ಛೇ ಛೇ. ಮನ್ಯಾಗ ಕಪಾಟಿನ್ಯಾಗ. ಮೊನ್ನೆ ಹೊರಗ ತಗದೇನಿ, ಬಿಸಿ ಆಗಾಕತ್ತು."

ರಾಧಿಕಾ ಪೇಪರನ್ನು ಎರಡು ಕೈಯಲ್ಲಿ ತಾಟಿನಂತೆ ಹಿಡಿದು ಬಂದು ಅವನ ಮೊಣಕಾಲಿನ ಮುಂದೆ ಸ್ಟೂಲಿನ ಮೇಲಿಟ್ಟಳು.

"ಏನವಾ ಇದು ಹೊಲಸು?"

"ನಿಮ್ಮ ಕಪಾಟಿನ್ಯಾಗಿಂದ ರೀ."

ಅಣ್ಣಾಸಾಹೇಬ ಮುಖ ಹಿಂದಕ್ಕೆ ಎಳೆದುಕೊಂಡ.

"ಕೆಳಗ ಕರೀದು ಕಬ್ಬಿನ ಮಸಿ," ಎಂದಳು ರಾಧಿಕಾ, ಗಿರಾಕಿಗೆ ಬಿಲ್ಲು ಓದಿ ಹೇಳುವ ದನಿಯಲ್ಲಿ. "ಅದರ ಮ್ಯಾಲ ಖಂಡೆ ಪೂಜಿ ಭಂಡಾರ, ದಸರಾದ್ದು. ಅದಕೂ ಮ್ಯಾಲ ನಿಮ್ಮ ರಾಣಿ ಬಣ್ಣ, ದೀಪಾವಳಿ ಆದ ಮ್ಯಾಲಿಂದು. ನೀವು ದಸರಾಕ್ಕ ಮೊದಲ ತಗೊಂಡು ಕಪಾಟಿನ್ಯಾಗ ಇಟ್ಟಿದ್ರ, ರಾಣಿ ನೂಲು ಕಪಾಟಿನ್ಯಾಗ ಹ್ಯಾಂಗ ನೇಯ್ದ್ರಿ?"

"ಊರಾಗೆಲ್ಲಾ ಹತ್ತಿ ಹಾರತೈತಿ. ಬನಹಟ್ಟಿ ಅದು."

"ಹಾರ್ತೈತಿ," ಎಂದ ಹುಲೆಪ್ಪ. "ನಿಮ್ಮ ಕಿವಿಯಾಗೂ ಕುಂತೈತಿ. ಕನ್ನಡಿ ಬೇಕೇನ್ರಿ?"

ಅಣ್ಣಾಸಾಹೇಬನ ಕೈ ತಾನಾಗಿ ಕಿವಿಗೆ ಹೋಯಿತು. ಬೆರಳಿಗೆ ಗುಲಾಬಿ ಜೂಲು ಹತ್ತಿತು. ಅದನ್ನು ಏನು ಮಾಡಬೇಕೋ ತಿಳಿಯದೆ ಧೋತರಕ್ಕೆ ತಿಕ್ಕಿದ. ಬಿಳಿ ಧೋತರದ ಮೇಲೆ ಎಲೆಅಡಿಕೆಯ ಕೆಂಪೂ ಜೂಲಿನ ಗುಲಾಬಿಯೂ ಕೂಡಿ ಹುಣ್ಣಿನ ಹಾಗೆ ಕಂಡಿತು.

"ನೀವು ಯಾರ್ರೀ ಖರೇ?"

"ಹವಾಲ್ದಾರ ಹುಲೆಪ್ಪ. ಬೀಳಗಿ ಹಿನ್ನೀರಾಗ ಪರಮೇಶನ ಹೆಣಾ ಕಾಯ್ದಾಂವ. ನೀವು ಆ ಹುಡುಗನ್ನ ಕೊಂದು ಅವನ ಸಾಮಾನಾ ಇಟ್ಕೊಂಡೀರಿ ಅಂತ ನಾ ಠಾಣೇಕ ಹೇಳಿದ್ರ ತಪ್ಪಾಗ್ತೈತೇನ್ರಿ?"

"ನನಗೇನ ಹುಚ್ಚೇನ ಕೊಲ್ಲಾಕ?" ಅಣ್ಣಾಸಾಹೇಬ ಎದ್ದು ನಿಂತ. "ಹೋದ ವಾರ ಸುದ್ದಾ ನನ್ನ ಎದುರಿಗೆ ಕುಂತು ಅಂಚು ಹಾಕಿ ಕೊಟ್ಟಾನ ಅಂವಾ."

ಹೊರಗೆ ಒಂದು ಟ್ರ್ಯಾಕ್ಟರು ಹಾದುಹೋಯಿತು. ಅದರ ಹಾಡು ದೂರವಾಯಿತು.

ಅಣ್ಣಾಸಾಹೇಬ ಬಾಯಲ್ಲಿದ್ದದ್ದನ್ನು ನುಂಗಿಬಿಟ್ಟ. ಅದು ಗಂಟಲಲ್ಲಿ ಇಳಿಯುವುದು ಹೊರಗೆ ಕಂಡಿತು.

"ಎಲ್ಲಿ ಅದಾನ?" ಎಂದ ಹುಲೆಪ್ಪ.

"ಮೊನ್ನೆ ಹೋಗ್ಯಾನ. ಎಲ್ಲಿಗಂತ ನಾ ಕೇಳಿಲ್ಲ. ಶೆಡ್ಡಿನ ಹಿಂದ ಖೋಲಿ ಕೊಟ್ಟಿದ್ದೆ, ಕೆಲಸಾ ಮಾಡಿದಾ, ಅಷ್ಟ. ಡಬ್ಬಿ ನನ್ನ ಕಡೆ ಬಿಟ್ಟು ಹೋದ."

"ಊರಾಗ ಅವನ ಹೆಸರಲೆ ಮಣ್ಣು ಕೊಟ್ಟಾರ. ಇವತ್ತ ಅವನ ಹೇಣತಿ ಬಳಿ ಒಡೀತಾರ. ಗೊತ್ತಿತ್ತೇನ ನಿಮಗ?"

ಅಣ್ಣಾಸಾಹೇಬ ಚಪ್ಪಲಿ ಹುಡುಕುತ್ತಿದ್ದ. "ಅವ್ರ ಮನೀ ವಿಚಾರ ನನಗ ಯಾಕ್ರಿ? ನನಗ ಅಂಚು ಬೇಕಾಗಿತ್ತು."

ಇಷ್ಟನ್ನು ಅವನು ಹೇಳಿದ್ದು ಕಾಯಿಪಲ್ಲೆಯ ದರ ಹೇಳಿದ ಹಾಗೆ. ಹುಲೆಪ್ಪ ಕಳ್ಳರನ್ನು ಕಂಡಿದ್ದ, ಕೊಲೆಗಡುಕರಿಗೆ ಅನ್ನ ಬಡಿಸಿದ್ದ. ಅವರಲ್ಲಿ ಯಾರ ಮುಂದೆಯೂ ಅವನಿಗೆ ಕೈ ತೊಳೆದುಕೊಳ್ಳಬೇಕು ಅನ್ನಿಸಿರಲಿಲ್ಲ. ಈಗ ಅನ್ನಿಸಿತು.

ಸಾಹುಕಾರನ ಕಾರು ಹೋದ ಮೇಲೆ ಹುಲೆಪ್ಪ ಠಾಣೆಗೆ ಫೋನು ಮಾಡಿ ಬನಹಟ್ಟಿಯ ಖೋಲಿಯ ವಿಷಯ ತಿಳಿಸಿದ. ಅಣ್ಣಾಸಾಹೇಬ ಕುಳಿತ ಕುರ್ಚಿಯನ್ನು ಹೊರಗಿಟ್ಟು ಕೊಡ ನೀರು ಸುರಿದ. ಮಾಲಾಳಿಗೆ ಹಚ್ಚಿ ನೋಡಿದ, ಫೋನು ಬಂದ್ ಇತ್ತು. ಇವತ್ತು ಅವಳ ಕೈಯಲ್ಲಿ ಯಾರು ಫೋನು ಕೊಟ್ಟಾರು?

"ಗಾಡಿ ತಗಿ ಯವ್ವಾ. ಹೊತ್ತು ಇಳದೈತಿ. ಅಂವಾ ಜೀವಂತ ಅದಾನ ಅಂತ ನಾ ಹೇಳಿದ ಕೂಡ್ಲೇ ಆ ಮುದುಕಿ ಹ್ಯಾಂಗ ಕುಣೀತಾಳ ನೋಡು."

ಅವನಿಗೆ ಯಲ್ಲಕ್ಕನ ಮೇಲೆ ಮರುಕವಿತ್ತು. ನಿನ್ನೆ ಮಧ್ಯಾಹ್ನ ತಾನೇ ಆಕೆ ಬಸ್ಸು ಹತ್ತಿ ಇದೇ ಅಂಗಡಿಗೆ ಬಂದಿದ್ದಳು. "ಯಣ್ಣಾ, ನನ್ನ ಮಗಾ ಹೋದ. ಆ ಹುಡುಗಿಗೆ ಇಲ್ಲದ ಆಸೆ ಹಚ್ಚಬ್ಯಾಡ, ಹುಡುಕೂದು ಬಿಡು," ಎಂದು ಕೈ ಮುಗಿದಿದ್ದಳು. ಹೋಗುವಾಗ ಸೊಂಟದ ಚೀಲದಿಂದ ಭಂಡಾರ ತೆಗೆದು ಅವನ ಹಣೆಗೆ ಬಳಿದಳು. ಕರಿ ಕುರಿಯ ಉಣ್ಣೆಯಿಂದ ತಾನೇ ಹೆಣೆದ ಚೀಲ, ಮನೆಯಲ್ಲಿ ಇನ್ನೊಬ್ಬರಿಗೆ ಮುಟ್ಟಗೊಡುವುದಿಲ್ಲ ಎಂದು ಹೇಳಿಕೊಂಡಿದ್ದಳು. ಭಂಡಾರದ ಜೊತೆ ಒಂದು ಗಿಡ್ಡ ಕರಿಕೂದಲು ಅವನ ಕಣ್ಣಿಗೆ ಬಿದ್ದು, ಸಂಜೆಯ ತನಕ ಉಜ್ಜಿ ಉಜ್ಜಿ ಕೊನೆಗೆ ಕರವಸ್ತ್ರದ ಮೂಲೆಯಿಂದ ತೆಗೆದಿದ್ದ.

"ಅಪ್ಪಾ, ಒಂದ ನಿಮಿಷ," ಎಂದಳು ರಾಧಿಕಾ. "ಎಂಟರ್ ಕೀ ಅಂಟತೈತಿ ಅಂದಿದ್ದ. ಅದನ್ನ ನಾ ಇನ್ನೂ ನೋಡಿಲ್ಲ."

"ಇನ್ನ ಅದನ್ನ ರಿಪೇರಿ ಮಾಡಿ ಯಾರಿಗೆ ಕೊಡ್ತಿ?"

"ರಿಪೇರಿ ಅಲ್ಲ. ಪಂಖಾ ಎಂದೋ ಕಟ್ಟಿ ಹೋಗೈತಿ. ಕಟ್ಟಿದ ಮ್ಯಾಲ ಮ್ಯಾಲಿಂದ ಬಿದ್ದದ್ದನ್ನ ಅದು ಒಳಗ ಎಳೀಲಿಕ್ಕಿಲ್ಲ. ಕೀ ಬುಡದಾಗ ಹಂಗ ಕುಂತಿರ್ತೈತಿ."

ಅವಳು ಕೀಬೋರ್ಡಿನ ಅಂಚಿಗೆ ಚಪ್ಪಟೆ ಕಡ್ಡಿ ತೂರಿ ಎಂಟರ್ ಕೀಯನ್ನು ಎಬ್ಬಿಸಿದಳು. ಅದರ ಸುತ್ತಲಿನ ನಾಲ್ಕನ್ನೂ ಎಬ್ಬಿಸಿದಳು. ಆಮೇಲೆ ಟೇಬಲ್ ದೀಪವನ್ನು ಅಪ್ಪನ ಕಡೆ ತಿರುಗಿಸಿದಳು.

ಕೀಗಳ ಬುಡದಲ್ಲಿ ಗುಲಾಬಿ ಜೂಲಿನ ಹಾಸಿಗೆ. ಆ ಹಾಸಿಗೆಯ ಮೇಲೆ ಹಳದಿ. ನಿನ್ನೆ ಮೊನ್ನೆ ಚೆಲ್ಲಿದ ಹಾಗೆ ಹೊಳೆಯುವ, ಇನ್ನೂ ವಾಸನೆ ಹೋಗದ ಭಂಡಾರ. ಮೇಲಿನದನ್ನು ಯಾರೋ ಗಡಬಡಿಸಿ ಒರೆಸಿದ್ದರು, ಬುಡದ್ದು ಉಳಿದಿತ್ತು.

"ಗುಲಾಬಿ ಮ್ಯಾಲ ಮತ್ತ ಹಳದಿ," ಎಂದಳು ರಾಧಿಕಾ ಮೆಲ್ಲಗೆ. "ಬನಹಟ್ಟಿ ಶೆಡ್‌ನಾಗ ಇದ್ದಾಗ ಇದಕ ಇನ್ನೊಮ್ಮೆ ಯಾರೋ ಭಂಡಾರ ಹಾಕ್ಯಾರ. ಪರಮೇಶ ಹಾಕಾಂವಲ್ಲ, ಅದಕ್ಕ ಜಗಳಾ ತೆಗದಾಂವ ಅಂವಾ. ಸಾಹುಕಾರನ ಮನ್ಯಾಗ ಭಂಡಾರದ ಪದ್ಧತಿ ಇಲ್ಲ."

ಅವಳು ಚಿಮಟಿಗೆಯ ತುದಿಯಿಂದ ಹಳದಿಯೊಳಗಿನದೇನನ್ನೋ ಎತ್ತಿ ಬಿಳಿ ಕಾಗದದ ಮೇಲಿಟ್ಟಳು.

ಗಿಡ್ಡ, ಸುರುಳಿಯಾದ, ಕರಿ ಕೂದಲು.

ಹುಲೆಪ್ಪ ಜೇಬಿನಿಂದ ಕರವಸ್ತ್ರ ತೆಗೆದು ಅದರ ಮೂಲೆಯನ್ನು ಬಿಡಿಸಿದ. ನಿನ್ನೆ ಅವನ ಕಣ್ಣಿನಿಂದ ಬಂದದ್ದು ಹಳದಿ ಕಲೆಯ ನಡುವೆ ಇನ್ನೂ ಅಂಟಿಕೊಂಡಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರು. ಎರಡೂ ಒಂದೇ ಚೀಲದ ಉಣ್ಣೆ.

ಹಣೆ ತೊಳೆದುಕೊಂಡರೂ ಆ ಭಂಡಾರ ಇನ್ನೂ ಅಲ್ಲಿಯೇ ಇದೆ ಎಂದು ಹುಲೆಪ್ಪನಿಗೆ ಅನ್ನಿಸಿತು. ಅಂಗಿಯ ತೋಳಿನಿಂದ ಗಸಗಸ ಒರೆಸಿಕೊಂಡ.

* * *

ಮಹಾಲಿಂಗಪುರದ ಹಾದಿಯುದ್ದಕ್ಕೂ ಕಬ್ಬಿನ ಗಾಡಿಗಳು. ರಾಧಿಕಾ ಸ್ಕೂಟಿಯನ್ನು ಅವುಗಳ ನಡುವೆ ತೂರಿಸುತ್ತ ಬಂದು ರನ್ನ ಬೆ‍ಳಗಲಿಯ ಯಲ್ಲಕ್ಕನ ಅಂಗಳದ ಹೊರಗೆ ನಿಲ್ಲಿಸಿದಾಗ ಸೂರ್ಯ ಇನ್ನೂ ಕಬ್ಬಿನ ಸೂಲಂಗಿ ಹೂವಿನ ಮೇಲಿದ್ದ.

ಕುರಿಹಟ್ಟಿಯ ಪಕ್ಕ ಹೆಂಗಸರು ಸುತ್ತುಗಟ್ಟಿ ಕುಳಿತಿದ್ದರು. ನಡುವೆ ಮಣೆಯ ಮೇಲೆ ಮಾಲಾ. ತಲೆ ತಗ್ಗಿಸಿದ್ದಳು. ಎರಡೂ ಕೈ ಹಸಿರು ಬಳೆ. ಒಬ್ಬಾಕೆ ಅವಳ ಎಡ ಮುಂಗೈಯನ್ನು ಕಲ್ಲುಬಂಡೆಯ ಮೇಲೆ ಒತ್ತಿ ಹಿಡಿದಿದ್ದಳು. ಯಲ್ಲಕ್ಕನ ಕೈಯಲ್ಲಿ ಗುಂಡುಕಲ್ಲು.

"ಹೆಣ್ಣುಮಕ್ಕಳ ಕೆಲಸಾ ಐತಿ, ಗಂಡಸ್ರು ಈ ಕಡೆ ಬರಬಾರದ್ರಿ," ಎಂದಳು ಒಬ್ಬ ಮುದುಕಿ.

ಹುಲೆಪ್ಪ ನಿಲ್ಲಲಿಲ್ಲ. ಹೆಂಗಸರನ್ನು ದಾಟಿ ನಡುವೆ ಹೋಗಿ ನಿಂತ.

"ಯಲ್ಲಕ್ಕಾ, ಕಲ್ಲು ಕೆಳಗಿಡು. ನಿನ್ನ ಮಗಾ ಜೀವಂತ ಅದಾನ."

ಮಾಲಾ ತಲೆ ಎತ್ತಿದಳು.

ಯಲ್ಲಕ್ಕ ಕಲ್ಲನ್ನು ಇಳಿಸಲಿಲ್ಲ. ಹುಲೆಪ್ಪನ ಮುಖವನ್ನೇ ನೋಡಿದಳು.

"ಯಾರ್ ಹೇಳಿದ್ರು?" ಎಂದಳು.

ಕಳೆದುಹೋದ ಮಕ್ಕಳು ಸಿಕ್ಕ ಸುದ್ದಿಯನ್ನು ಹುಲೆಪ್ಪ ಎಷ್ಟೋ ತಾಯಂದಿರಿಗೆ ಮುಟ್ಟಿಸಿದ್ದ. ಕೆಲವರು ಬಿದ್ದು ಹೊರಳಾಡಿದ್ದರು, ಕೆಲವರು ಅವನ ಕಾಲು ಹಿಡಿದಿದ್ದರು, ಒಬ್ಬಾಕೆ ಅವನ ಕಪಾಳಕ್ಕೆ ಬಾರಿಸಿದ್ದಳು. ಎಲ್ಲರ ಬಾಯಿಂದ ಮೊದಲು ಬಂದದ್ದು ಒಂದೇ ಮಾತು: ಎಲ್ಲಿ? ಯಾರು ಹೇಳಿದರು ಎಂದು ಯಾವ ತಾಯಿಯೂ ಕೇಳಿರಲಿಲ್ಲ.

ಮಗ ಬದುಕಿದ್ದಾನೆ ಎಂದು ಗೊತ್ತಿದ್ದೂ, ಅವನನ್ನು ಕಣ್ಣಾರೆ ನೋಡಿ, ಅವನ ಯಂತ್ರಕ್ಕೆ ಭಂಡಾರ ಹಾಕಿ ಹರಸಿ ಬಂದೂ, ಯಲ್ಲಕ್ಕ ಸೊಸೆಯ ಕೈಯನ್ನು ಈ ಬಂಡೆಗೆ ಒತ್ತಿಸಿದ್ದಳು. ಜಿರಳೆಯ ಗೂಡು ನೋಡಿದಾಗ ಗಂಟಲಿಗೆ ಬಂದದ್ದು ಹುಲೆಪ್ಪನಿಗೆ ಈಗ ಮತ್ತೆ ಬಂತು. ಇಲ್ಲಿ ಉಗುಳಲು ಗಟಾರವಿರಲಿಲ್ಲ.

"ಯಾರೂ ಹೇಳಿಲ್ಲ," ಎಂದ. "ಬನಹಟ್ಟಿಯೊಳಗ ಅವನ ಲ್ಯಾಪ್‌ಟಾಪಿಗೆ ನೀ ಹಾಕಿದ ಭಂಡಾರ ಸಿಕ್ಕೈತಿ. ನಿನ್ನ ಚೀಲದ ಉಣ್ಣಿ ಸಮೇತ."

ಯಲ್ಲಕ್ಕನ ಇನ್ನೊಂದು ಕೈ ಸೊಂಟದ ಚೀಲವನ್ನು ಮುಚ್ಚಿತು. ಅಷ್ಟು ಸಾಕಾಯಿತು. ಮಾಲಾಳ ಮುಂಗೈ ಹಿಡಿದಿದ್ದ ಹೆಂಗಸು, ಬಿಸಿ ತಾಕಿದವಳಂತೆ ಕೈ ಬಿಟ್ಟಳು.

ಮಾಲಾ ಮಣೆಯಿಂದ ಎದ್ದಳು. ಬಳೆಗಳು ಸದ್ದು ಮಾಡಿದವು. ಇಷ್ಟು ದಿನ ಆ ಸದ್ದಿಗಾಗಿ ಊರಿನ ಬಾಯಲ್ಲೆಲ್ಲ ಬಿದ್ದವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅತ್ತೆಯ ಎದುರಿಗೆ, ಉಸಿರು ತಾಕುವಷ್ಟು ಹತ್ತಿರ ಹೋಗಿ ನಿಂತಳು.

"ಅತ್ತೀ, ಅವತ್ತ ಹೊಳಿದಂಡ್ಯಾಗ ಮುಖದ ಮ್ಯಾಲಿನ ಅರಿವಿ ಯಾಕ ತೆಗೀಗೊಡಲಿಲ್ಲ ನೀವು?"

ಯಲ್ಲಕ್ಕ ಚೀಲವನ್ನು ಸೆರಗಿನ ಮರೆಗೆ ಸರಿಸಿದಳು.

"ನನ್ನ ಗಂಡನ ಉಡದಾರ ಆ ಹೆಣದ ಸೊಂಟಕ್ಕ ಯಾರು ಕಟ್ಟಿದ್ರು?"

ಹಟ್ಟಿಯೊಳಗೆ ಒಂದು ಕುರಿ ಕೆಮ್ಮಿತು.

"ಒಲ್ಲೆ ಅಂದ್ರೂ ನನ್ನ ಕೈಲೆ ಹಿಡಿ ಮಣ್ಣು ಹಾಕಿಸಿದ್ರಿ. ನಾವು ಮಣ್ಣು ಕೊಟ್ಟದ್ದು ಯಾರಿಗೆ, ಅತ್ತೀ?"

ಯಲ್ಲಕ್ಕ ಈಗ ಕಲ್ಲನ್ನು ಇಳಿಸಿದಳು. ಬಂಡೆಯ ಮೇಲೆ, ಸದ್ದಾಗದ ಹಾಗೆ. ಸೆರಗಿನಿಂದ ಕೈಯ ಹಳದಿಯನ್ನು ಒಂದೊಂದೇ ಬೆರಳಿನಿಂದ ಒರೆಸಿಕೊಂಡಳು.

"ನನಗ ಗೊತ್ತಿಲ್ಲವಾ," ಎಂದಳು. "ಅದು ಪರಮೇಶಗ ಗೊತ್ತೈತಿ."